ಹಳೆಯ ಕಟ್ಟಡಗಳಲ್ಲಿ ಕಲ್ನಾರು: ಗುರುತಿಸುವಿಕೆ ಮತ್ತು ಸುರಕ್ಷಿತ ನಿರ್ವಹಣೆ

(ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಎಂಜಿನಿಯರುಗಳು, ಮುಖ್ಯ ಶಿಕ್ಷಕರು ಹಾಗೂ ನೀರುಗಂಟಿಗಳ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ. ಸಂಬಂಧಪಟ್ಟ ಎಲ್ಲರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಇಂದಿನ ವಿಷಯಕ್ಕೆ ಕನ್ನಡದಲ್ಲಿ ಒಂದು ಅಚ್ಚುಕಟ್ಟಾದ ಪದವಿದೆ: ಕಲ್ನಾರು. ಕಲ್ಲೂ ಹೌದು, ನಾರೂ ಹೌದು. ಭೂಮಿಯಲ್ಲಿ ಬಂಡೆಯ ಸಂದುಗಳಲ್ಲಿ ದೊರೆಯುವ ಈ ಖನಿಜವನ್ನು ಬೆರಳಿನಿಂದ ಉಜ್ಜಿದರೆ ಅದು ಪುಡಿಯಾಗುವುದಿಲ್ಲ, ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಬೆಂಕಿಗೆ ಸುಡದು, ನೀರಿಗೆ ಕೊಳೆಯದು, ಗೆದ್ದಲಿಗೆ ತುತ್ತಾಗದು. ನಮಗೆ ಇದು ದೂರದ ವಸ್ತುವೂ ಅಲ್ಲ. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಶಿಲಾಪಟ್ಟಿಯಲ್ಲಿ ಕಲ್ನಾರು ಇರುವುದನ್ನು ಹಳೆಯ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯೇ ದಾಖಲಿಸಿತ್ತು. ಆದರೆ ನಮ್ಮ ತಲೆಯ ಮೇಲಿರುವ ಛಾವಣಿಗಳಲ್ಲಿರುವುದು ಬಹುಪಾಲು ಹೊರದೇಶಗಳಿಂದ ಬಂದ ಬಿಳಿ ಕಲ್ನಾರು. ಸಿಮೆಂಟಿನೊಡನೆ ನೂರಕ್ಕೆ ಸುಮಾರು ಹತ್ತು ಪಾಲಿನಂತೆ ಅದನ್ನು ಬೆರೆಸಿ, ಅಲೆಅಲೆಯಾಗಿ ಅಚ್ಚು ಹಾಕಿದರೆ ದೊರೆಯುವುದೇ ನಾವೆಲ್ಲ ‘ಸಿಮೆಂಟ್ ಶೀಟು’ ಎಂದು ಕರೆಯುವ ಹಲಗೆ.

ಈ ಹೆಸರಿನಲ್ಲಿಯೇ ಅರ್ಧ ತೊಂದರೆ ಅಡಗಿದೆ. ಸಿಮೆಂಟು ಎಂದೊಡನೆ ಯಾರಿಗೂ ಭಯವಾಗುವುದಿಲ್ಲ. ಜನಗಣತಿಯ ಮನೆಪಟ್ಟಿಯಲ್ಲಿಯೂ ಛಾವಣಿಯ ವಿವರ ಬರೆಯುವಾಗ ಸತುವು ಲೇಪಿಸಿದ ತಗಡು, ಇತರ ಲೋಹದ ತಗಡು ಮತ್ತು ಕಲ್ನಾರು ಶೀಟು ಇವೆಲ್ಲವೂ ಒಂದೇ ಕಲಮಿಗೆ ಸೇರಿಬಿಡುತ್ತವೆ. ಆದಕಾರಣ ಒಂದು ಗ್ರಾಮದಲ್ಲಿ ಎಷ್ಟು ಮನೆಗಳ ಮೇಲೆ ಕಲ್ನಾರು ಇದೆಯೆಂದು ಆ ಲೆಕ್ಕದಿಂದ ತಿಳಿಯಲು ಸಾಧ್ಯವಿಲ್ಲ. ಅದನ್ನು ತಿಳಿಯಬೇಕಾದವರು ನಾವು, ತಿಳಿಯುವ ದಾರಿ ಊರಿನಲ್ಲಿ ನಡೆದು ನೋಡುವುದೊಂದೇ.

ನಡೆದು ನೋಡಿದರೆ ಕಾಣುವುದೇನು? ನಮ್ಮ ಭಾಗದಲ್ಲಿ ನಾಡಹೆಂಚಿನ ಮನೆಗಳು ಮೊದಲಿದ್ದವು, ಅನಂತರ ಮಂಗಳೂರು ಹೆಂಚು ಬಂದಿತು. ಬಂಡೀಪುರದ ಅಂಚಿನ ಊರುಗಳಲ್ಲಿ ಹೆಂಚನ್ನು ಬಿಟ್ಟು ಶೀಟಿಗೆ ಹೋದವರನ್ನು ಏಕೆಂದು ಕೇಳಿದರೆ ಬಡತನದ ಮಾತು ಆಮೇಲೆ ಬರುತ್ತದೆ, ಮೊದಲು ಬರುವುದು ಕೋತಿಗಳ ಮಾತು. ವರ್ಷಕ್ಕೆ ಎರಡು ಬಾರಿ ಹೆಂಚು ಕೈಯಾಡಿಸುವ ಕೆಲಸ ತಪ್ಪಿತೆಂದು ಹಿರಿಯರು ನೆಮ್ಮದಿಪಟ್ಟಿದ್ದರು. ಜನತಾ ಮನೆಗಳು, ಶಾಲೆಯ ಕೊಠಡಿಗಳು, ಅಂಗನವಾಡಿಗಳು, ಹಾಲಿನ ಡೇರಿ, ರೇಷ್ಮೆ ಹುಳು ಸಾಕಣೆಯ ಮನೆ, ಅರಿಶಿನ ಬೇಯಿಸುವ ಚಪ್ಪರ, ದನದ ಕೊಟ್ಟಿಗೆ, ಸೋಲಿಗರ ಪೋಡುಗಳಲ್ಲಿ ಕಟ್ಟಿಸಿದ ಮನೆಗಳು, ಎಲ್ಲೆಡೆಯೂ ಶೀಟು ಬಂದಿತು. ಅದನ್ನು ಹಾಕಿದವರಾರೂ ತಪ್ಪು ಮಾಡಲಿಲ್ಲ. ಅಂದು ಸರ್ಕಾರದ ಅಂದಾಜು ಪಟ್ಟಿಯಲ್ಲಿಯೇ ಅದಕ್ಕೆ ದರವಿತ್ತು.

ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಸೇವೆಗೆ ಸೇರಿದ ಹೊಸತರಲ್ಲಿ ಒಂದು ಊರಿನ ಶಾಲೆಯ ಎರಡು ಶಿಥಿಲ ಕೊಠಡಿಗಳನ್ನು ಕೆಡವಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೋಲ್ಟುಗಳು ತುಕ್ಕು ಹಿಡಿದು ಬಿಗಿದುಕೊಂಡಿದ್ದವು. ಆಳುಗಳು ಸುತ್ತಿಗೆಯಿಂದ ಶೀಟನ್ನೇ ಒಡೆದು ಕೆಳಗೆ ಕೆಡವಿದರು. ಮಧ್ಯಾಹ್ನದವರೆಗೆ ಬೂದುಬಣ್ಣದ ದೂಳು ನಿಂತೇ ಇತ್ತು, ನಾನು ಕರವಸ್ತ್ರವನ್ನು ಮೂಗಿಗೆ ಹಿಡಿದು ಅಳತೆ ಬರೆದುಕೊಂಡೆ. ಮರುದಿನ ಬೆಳಿಗ್ಗೆ ಐದನೆಯ ತರಗತಿಯ ಮಕ್ಕಳು ಪೊರಕೆ ಹಿಡಿದು ಅಂಗಳವನ್ನು ಗುಡಿಸಿದರು. ಒಡೆಯದೆ ಉಳಿದ ಶೀಟುಗಳನ್ನು ಬಹಿರಂಗ ಹರಾಜಿನಲ್ಲಿ ಮಾರಲಾಯಿತು. ಒಬ್ಬರು ಕೊಟ್ಟಿಗೆಗೆಂದು, ಇನ್ನೊಬ್ಬರು ಬಚ್ಚಲಿಗೆಂದು ಕೊಂಡೊಯ್ದರು. ಚೂರುಗಳನ್ನು ಶಾಲೆಯ ಮುಂದಿನ ರಸ್ತೆಯ ಗುಂಡಿಗಳಿಗೆ ತುಂಬಲಾಯಿತು. ಅಳತೆ ಪುಸ್ತಕದಲ್ಲಿ ‘ಹಳೆಯ ಛಾವಣಿ ತೆಗೆದು ಸ್ಥಳ ತೆರವುಗೊಳಿಸಿದ್ದು’ ಎಂದು ಬರೆದು ನಾನೇ ಸಹಿ ಮಾಡಿದೆ. ಕೆಲಸ ಬೇಗ ಮುಗಿಯಿತೆಂದು ಮೆಚ್ಚುಗೆಯೂ ದೊರೆಯಿತು. ಆ ಮಕ್ಕಳಿಗೆ ಈಗ ನಡುವಯಸ್ಸು.

ಆ ದೂಳಿನಲ್ಲಿ ಇದ್ದುದೇನೆಂಬುದನ್ನು ಈಗ ನೋಡೋಣ. ಕಲ್ನಾರಿನ ಎಳೆಗಳು ಕಣ್ಣಿಗೆ ಕಾಣುವಷ್ಟು ದಪ್ಪವಿರಬಹುದು, ಆದರೆ ಒಡೆದಾಗ ಅವು ಉದ್ದುದ್ದಕ್ಕೆ ಸೀಳುತ್ತಾ ಹೋಗಿ, ತಲೆಗೂದಲಿನ ನೂರನೆಯ ಒಂದು ಪಾಲಿಗಿಂತಲೂ ತೆಳ್ಳಗಾಗುತ್ತವೆ. ಇಂತಹ ಎಳೆ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಉಸಿರಿನೊಡನೆ ಶ್ವಾಸಕೋಶದ ಕೊನೆಯ ಗೂಡುಗಳನ್ನು ಸೇರುತ್ತದೆ. ದೇಹದ ರಕ್ಷಕ ಕಣಗಳು ಅದನ್ನು ನುಂಗಲು ಹೋಗಿ, ತಮಗಿಂತ ಉದ್ದವಾದ ಕಡ್ಡಿಯನ್ನು ನುಂಗಲಾರದೆ ತಾವೇ ಸಾಯುತ್ತವೆ. ಅಲ್ಲಿ ಉರಿಯೂತ ಉಳಿದು, ವರ್ಷಗಳು ಕಳೆದಂತೆ ಗಾಯದ ಕಲೆಯಂತಹ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಶ್ವಾಸಕೋಶವೇ ಹೀಗೆ ಗಟ್ಟಿಯಾಗುವ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂದು ಹೆಸರು. ಇದಲ್ಲದೆ ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊದಿಕೆಯಲ್ಲಿ ಹುಟ್ಟುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಕೂಡ ಬರುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಬಿಳಿ, ಕಂದು, ನೀಲಿ ಎಂಬ ಭೇದವಿಲ್ಲದೆ ಎಲ್ಲ ಬಗೆಯ ಕಲ್ನಾರನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿನಲ್ಲಿ ಇರಿಸಿದೆ. ಬೀಡಿ, ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚು.

ಈ ರೋಗಗಳ ಒಂದು ಗುಣ ನಮ್ಮನ್ನು ಮರುಳುಗೊಳಿಸುತ್ತದೆ. ದೂಳು ಕುಡಿದ ದಿನ ಕೆಮ್ಮು ಬಂದು ಸಂಜೆಗೆ ನಿಲ್ಲುತ್ತದೆ. ರೋಗ ತಲೆಯೆತ್ತುವುದು ಹದಿನೈದು, ಇಪ್ಪತ್ತು, ಕೆಲವೊಮ್ಮೆ ನಲವತ್ತು ವರ್ಷಗಳ ಬಳಿಕ. ಅಷ್ಟು ಹೊತ್ತಿಗೆ ಆ ಗಾರೆ ಕೆಲಸದವನಿಗೆ ತಾನು ಎಲ್ಲಿ ಯಾವ ಶೀಟು ಕತ್ತರಿಸಿದೆನೆಂಬುದೇ ಮರೆತಿರುತ್ತದೆ, ವೈದ್ಯರೂ ಕೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಕರಿಕಲ್ಲಿನ ಗಣಿಗಳಲ್ಲಿ ದುಡಿದವರೂ ಅನೇಕರಿದ್ದಾರೆ. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ರೋಗವನ್ನು ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಔಷಧಿ ಕೊಡುವುದು ದೇಶದ ಅನೇಕ ಕಡೆ ನಡೆದಿದೆ. ಆದುದರಿಂದ ಹಳೆಯ ಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು ಇರುವ ಯಾವ ಕೂಲಿಕಾರರೂ ಆಸ್ಪತ್ರೆಗೆ ಹೋದಾಗ ತಮ್ಮ ಹಿಂದಿನ ಕೆಲಸಗಳನ್ನು ತಾವಾಗಿಯೇ ಹೇಳಬೇಕು. ಇದನ್ನು ಆಶಾ ಕಾರ್ಯಕರ್ತೆಯರ ಮೂಲಕ ಊರೂರಿಗೆ ತಿಳಿಸಲು ಕೋರುತ್ತೇನೆ.

ಕಾನೂನು ಏನು ಹೇಳುತ್ತದೆಯೆಂದು ಕೆಲವರು ಕೇಳುವುದುಂಟು. ಐರೋಪ್ಯ ಒಕ್ಕೂಟ 2005ರಲ್ಲಿ ಕಲ್ನಾರಿನ ಬಳಕೆಯನ್ನು ನಿಲ್ಲಿಸಿತು. ಒಂದು ಕಾಲಕ್ಕೆ ತಾನೇ ಅದನ್ನು ಅಗೆದು ಮಾರುತ್ತಿದ್ದ ಬ್ರೆಜಿಲ್‌ನಲ್ಲಿ 2017ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ನಮ್ಮ ದೇಶದಲ್ಲಿ ಸಿಮೆಂಟ್ ಶೀಟಿನ ತಯಾರಿಕೆಯಾಗಲಿ ಮಾರಾಟವಾಗಲಿ ನಿಷಿದ್ಧವಲ್ಲ. 1948ರ ಕಾರ್ಖಾನೆಗಳ ಕಾಯ್ದೆಯು ಆಸ್ಬೆಸ್ಟೋಸಿಸ್ ರೋಗವನ್ನು ಅಧಿಸೂಚಿತ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ, ದುಡಿಯುವವನ ಆರೋಗ್ಯದ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದು ಹೇಳಿ, ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು 40 ವರ್ಷಗಳ ಕಾಲ ಕಾಪಾಡಬೇಕೆಂದು ವಿಧಿಸಿತು. ನಲವತ್ತು ವರ್ಷ ಏಕೆಂದು ಈಗ ತಮಗೆ ಅರ್ಥವಾಗುತ್ತದೆ. ಆದರೆ ಆ ಆದೇಶ ಕಾರ್ಖಾನೆಯ ಗೇಟಿನೊಳಗಿನವರಿಗೆ. ಬೇಗೂರಿನಲ್ಲಿಯೋ ಹರವೆಯಲ್ಲಿಯೋ ದಿನಗೂಲಿಗೆ ಶಾಲೆಯ ಛಾವಣಿ ಬಿಚ್ಚುವವನ ಹೆಸರು ಯಾವ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ಅವನ ಹೆಸರಿರುವುದು ನಮ್ಮ ಕಾಮಗಾರಿಯ ಕಡತದಲ್ಲಿ ಮಾತ್ರ, ಅದೂ ಇದ್ದರೆ.

ಇನ್ನು ಗುರುತಿಸುವ ಬಗೆ. ಶೀಟು ಬೂದುಬಣ್ಣದ್ದು, ಸುಮಾರು ಆರು ಮಿಲಿಮೀಟರ್ ದಪ್ಪ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ತಗಡಿನಂತೆ ಸದ್ದು ಮಾಡದೆ ಮಂದವಾಗಿ ಕೇಳಿಸುತ್ತದೆ. ಆಯಸ್ಕಾಂತ ಹಿಡಿಯದು. ಕೊಕ್ಕೆಯಾಕಾರದ ಬೋಲ್ಟುಗಳಿಂದ ತೊಲೆಗೆ ಬಿಗಿದಿರುತ್ತಾರೆ. ಹಲವು ಮಳೆಗಾಲ ಕಂಡ ಶೀಟಿನ ಮೇಲೆ ಕಪ್ಪು ಪಾಚಿ ಕಟ್ಟಿ, ಸಿಮೆಂಟು ಸವೆದು, ಮೇಲ್ಮೈ ಒರಟಾಗಿರುತ್ತದೆ. ಮುರಿದ ಅಂಚನ್ನು ದೂರದಿಂದ ನೋಡಿದರೆ ಸಣ್ಣ ಬಿಳಿಯ ಎಳೆಗಳು ಚಾಚಿಕೊಂಡಿರುವುದು ಕೆಲವೊಮ್ಮೆ ಕಾಣುತ್ತದೆ. ಆದರೂ ಒಂದು ಮಾತು ಸ್ಪಷ್ಟವಿರಲಿ: ಕಣ್ಣಿನಿಂದ ಖಚಿತವಾಗಿ ಹೇಳಲು ಯಾರಿಂದಲೂ ಆಗದು. ಕಲ್ನಾರಿಲ್ಲದೆ ಬೇರೆ ನಾರು ಬೆರೆಸಿದ ಶೀಟುಗಳೂ ಮಾರುಕಟ್ಟೆಯಲ್ಲಿವೆ, ಅವೂ ಹೀಗೆಯೇ ಕಾಣುತ್ತವೆ. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದ ವರದಿಯೊಂದೇ ಖಚಿತ. ಹಾಗೆಂದು ಪರೀಕ್ಷೆಗಾಗಿ ತುಂಡು ಮುರಿದು ಜೇಬಿನಲ್ಲಿ ಹಾಕಿಕೊಂಡು ಬರುವುದು ಬೇಡ. ಬೆಂಕಿಗೆ ಹಾಕಿ ನೋಡುವುದಂತೂ ಸಲ್ಲದು. ಕಾದ ಶೀಟು ಪಟಾಕಿಯಂತೆ ಸಿಡಿದು ಚೂರು ಹಾರಿಸುತ್ತದೆ. ವರದಿಯಿಲ್ಲದ ಪ್ರತಿ ಹಳೆಯ ಸಿಮೆಂಟ್ ಶೀಟನ್ನೂ ಕಲ್ನಾರೆಂದೇ ಭಾವಿಸಿ ನಡೆದುಕೊಳ್ಳುವುದು ನಮ್ಮ ನಿಯಮವಾಗಲಿ. ಕಲ್ನಾರಲ್ಲದ ಶೀಟಿಗೆ ನೀರು ಚಿಮುಕಿಸಿದರೆ ನಷ್ಟವಾಗುವುದು ಒಂದು ಕೊಡ ನೀರು.

ಛಾವಣಿಯ ಶೀಟನ್ನು ಬಿಟ್ಟರೆ ಮೂಲೆಗಳನ್ನು ಮುಚ್ಚುವ ಸೂರಿನ ತುಂಡುಗಳು, ಮಳೆನೀರಿನ ದೋಣಿ ಮತ್ತು ಕೊಳವೆ, ಅಡಿಗೆಮನೆಯ ಹೊಗೆಗೂಡು, ಹಳೆಯ ಕಚೇರಿಗಳ ಒಳಮಾಳಿಗೆ ಮತ್ತು ಅಡ್ಡಗೋಡೆಗಳ ಸಪಾಟು ಹಲಗೆ, ಫ್ಯೂಸ್ ಕೂರಿಸಿದ ಕಪ್ಪು ಹಲಗೆ, ಇವುಗಳಲ್ಲಿಯೂ ಕಲ್ನಾರು ಇರಬಹುದು. ಇವೆಲ್ಲ ಗಟ್ಟಿ ವಸ್ತುಗಳು. ಒಡೆಯದಿದ್ದರೆ ಎಳೆ ಹೊರಬಾರದು. ಹಳೆಯ ಬಾಯ್ಲರ್ ಮತ್ತು ಹಬೆಯ ಕೊಳವೆಗಳಿಗೆ ಸುತ್ತಿದ ಬಿಳಿಯ ಹಗ್ಗ, ಪಟ್ಟಿ, ಲೇಪನ ಮಾತ್ರ ಬೇರೆಯ ಜಾತಿ. ಅವು ಕೈಯಲ್ಲಿ ಮುಟ್ಟಿದರೇ ಉದುರುತ್ತವೆ, ಅವುಗಳಲ್ಲಿ ಕಲ್ನಾರಿನ ಪಾಲೂ ಬಹಳ ಹೆಚ್ಚು. ರೇಷ್ಮೆ ನೂಲು ಬಿಚ್ಚಾಣಿಕೆಯ ಹಳೆಯ ಘಟಕಗಳಾಗಲಿ, ವಿದ್ಯಾರ್ಥಿನಿಲಯದ ಹಳೆಯ ಹಬೆ ಒಲೆಗಳಾಗಲಿ ಇದ್ದಲ್ಲಿ, ಆ ಹೊದಿಕೆಯನ್ನು ನಮ್ಮ ಆಳುಗಳಿಂದ ಬಿಚ್ಚಿಸಲೇಬೇಡಿ.

ನೀರುಗಂಟಿ ಬಂಧುಗಳಿಗೆ ಸಂಬಂಧಿಸಿದ್ದು ಹಳೆಯ ಕಲ್ನಾರು ಸಿಮೆಂಟಿನ ನೀರಿನ ಕೊಳವೆಗಳು. ಆ ಕೊಳವೆಯಲ್ಲಿ ಬಂದ ನೀರನ್ನು ಕುಡಿದರೆ ಕೇಡಾಗುತ್ತದೆಯೇ ಎಂಬುದು ತಮ್ಮೆಲ್ಲರ ಮೊದಲ ಪ್ರಶ್ನೆ. ನುಂಗಿದ ಕಲ್ನಾರಿನಿಂದ ರೋಗ ಬರುತ್ತದೆಂಬುದಕ್ಕೆ ದೃಢವಾದ, ಒಂದೇ ರೀತಿಯ ಪುರಾವೆ ದೊರೆತಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಆದುದರಿಂದ ಊರಿನವರನ್ನು ಹೆದರಿಸಿ ನಲ್ಲಿ ನಿಲ್ಲಿಸುವ ಅಗತ್ಯವಿಲ್ಲ, ಸರದಿಯ ಮೇಲೆ ಕೊಳವೆಗಳನ್ನು ಬದಲಿಸುತ್ತಾ ಹೋಗಬಹುದು. ಅಪಾಯವಿರುವುದು ಕುಡಿಯುವವರಿಗಲ್ಲ, ದುರಸ್ತಿ ಮಾಡುವ ತಮಗೆ. ಒಡೆದ ಕೊಳವೆಯನ್ನು ವಿದ್ಯುತ್ ಗರಗಸದಿಂದ ಒಣದಾಗಿ ಕತ್ತರಿಸಿದರೆ ಗುಂಡಿಯೊಳಗೆ ಬಗ್ಗಿರುವ ಮನುಷ್ಯನ ಮುಖಕ್ಕೇ ಆ ದೂಳು ಬಡಿಯುತ್ತದೆ. ಕೈಗರಗಸ ಬಳಸಿ, ಒಬ್ಬರು ನೀರು ಸುರಿಯುತ್ತಿರಲು ಇನ್ನೊಬ್ಬರು ನಿಧಾನವಾಗಿ ಕತ್ತರಿಸಬೇಕು. ಸಾಧ್ಯವಿದ್ದಲ್ಲಿ ಕತ್ತರಿಸದೆ, ಜೋಡಣೆಯಿಂದ ಜೋಡಣೆಗೆ ಇಡೀ ಕೊಳವೆಯನ್ನು ಬಿಚ್ಚಿ ತೆಗೆಯುವುದು ಮೇಲು.

ನಿರ್ವಹಣೆಯ ಮೊದಲ ಮಾತು ಕೇಳಿದವರಿಗೆ ಆಶ್ಚರ್ಯವಾಗುತ್ತದೆ: ಚೆನ್ನಾಗಿರುವ ಶೀಟನ್ನು ಮುಟ್ಟಬೇಡಿ. ಬಿರುಕಿಲ್ಲದೆ, ಉದುರದೆ, ಮಕ್ಕಳ ಕೈಗೆ ಎಟುಕದೆ ಇರುವ ಛಾವಣಿಯಿಂದ ಹೊರಬೀಳುವ ಎಳೆಗಳು ಬಹಳ ಕಡಮೆ. ಈ ಉಪನ್ಯಾಸ ಕೇಳಿ ಹೋಗಿ ನಾಳೆಯೇ ಎಲ್ಲ ಶಾಲೆಗಳ ಛಾವಣಿ ಕೀಳಿಸಿದರೆ, ಮೂವತ್ತು ವರ್ಷಗಳಲ್ಲಿ ಆಗದ ಹಾನಿ ಮೂರು ದಿನಗಳಲ್ಲಿ ಆಗುತ್ತದೆ. ಅದಕ್ಕೆ ಮೊಳೆ ಹೊಡೆಯಬಾರದು, ಫ್ಯಾನಿನ ಕೊಂಡಿಗೆಂದು ತೂತು ಕೊರೆಯಬಾರದು, ಪಾಚಿಯನ್ನು ಕಬ್ಬಿಣದ ಬ್ರಷ್ಷಿನಿಂದ ಉಜ್ಜಬಾರದು, ಒತ್ತಡದ ನೀರು ಹೊಡೆಸಬಾರದು. ಬೇಸಿಗೆಯ ಬಿಸಿ ತಡೆಯಲೆಂದು ಸುಣ್ಣ ಅಥವಾ ಬಣ್ಣ ಬಳಿಯುವುದಾದರೆ ಕೆರೆಯದೆ, ಒದ್ದೆ ಮಾಡಿ ಬಳಿಯಬಹುದು. ಅಂತಹ ಲೇಪನ ಎಳೆಗಳನ್ನು ಹಿಡಿದಿಡಲೂ ನೆರವಾಗುತ್ತದೆ.

ಎರಡನೆಯದು ಶೀಟಿನ ಮೇಲೆ ಕಾಲಿಡುವ ವಿಷಯ. ಕ್ಯಾನ್ಸರಿನ ಮಾತು ನಲವತ್ತು ವರ್ಷದ್ದು, ಇದು ಕ್ಷಣದ್ದು. ಬಿಸಿಲಿಗೆ ಬೆಂದ ಹಳೆಯ ಶೀಟು ನೋಡಲು ಗಟ್ಟಿಯಾಗಿದ್ದು, ಕಾಲಿಟ್ಟೊಡನೆ ಸೂಚನೆಯಿಲ್ಲದೆ ಮುರಿಯುತ್ತದೆ. ಸೋರುವುದನ್ನು ನೋಡಲು ಹತ್ತಿದವರು, ಚೆಂಡು ತರಲು ಹತ್ತಿದ ಹುಡುಗರು ಹೀಗೆ ಬಿದ್ದಿದ್ದಾರೆ. ತೊಲೆಯಿಂದ ತೊಲೆಗೆ ಅಗಲವಾದ ಹಲಗೆ ಹಾಸದೆ, ಸೊಂಟಕ್ಕೆ ಹಗ್ಗ ಕಟ್ಟದೆ ಯಾರನ್ನೂ ಮೇಲೆ ಹತ್ತಿಸಕೂಡದು. ಶಾಲೆಯ ಛಾವಣಿಗೆ ಬಿದ್ದ ಚೆಂಡು ಅಲ್ಲಿಯೇ ಇರಲಿ, ಹೊಸ ಚೆಂಡು ಕೊಡಿಸಿ.

ತೆಗೆಯಲೇಬೇಕಾದಾಗ ಮಾಡುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಎಲ್ಲ ಹಾನಿಯೂ ಆಗುವುದು ಆ ಒಂದು ದಿನದಲ್ಲಿ. ಶಾಲೆಯಾದರೆ ರಜೆಯ ದಿನವನ್ನು ಆರಿಸಬೇಕು. ಗಾಳಿ ಬೀಸುವ ದಿನ ಬೇಡ. ಒಳಗಿನ ಬೆಂಚು, ಪುಸ್ತಕ, ಅಕ್ಕಿಯ ಮೂಟೆಗಳನ್ನು ಮೊದಲೇ ಹೊರಸಾಗಿಸಿ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಬೇಕು. ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಸೋಪಿನ ನೀರನ್ನು ಸಣ್ಣಗೆ ಸಿಂಪಡಿಸಿದರೆ ಶೀಟು ನೆನೆಯುತ್ತದೆ. ಔಷಧಿ ಸಿಂಪಡಿಸುವ ಬೆನ್ನಿನ ಪಂಪು ಈ ಕೆಲಸಕ್ಕೆ ಸಾಕು, ಆದರೆ ಅದರಲ್ಲಿ ಹಿಂದೆ ಇದ್ದ ಕೀಟನಾಶಕವನ್ನು ತೊಳೆದಿರಬೇಕು. ತುಕ್ಕು ಹಿಡಿದ ಬೋಲ್ಟನ್ನು ತಿರುಗಿಸಲಾಗದಿದ್ದರೆ ಬೋಲ್ಟನ್ನೇ ಕತ್ತರಿಸಬೇಕೇ ಹೊರತು ಶೀಟನ್ನು ಒಡೆಯಬಾರದು. ಹತ್ತು ಅಡಿಯ ಶೀಟು ಸುಮಾರು 40 ಕಿಲೋ ತೂಗುತ್ತದೆ. ಇಬ್ಬರು ಮೇಲೆ, ಇಬ್ಬರು ಕೆಳಗೆ ಇದ್ದು ಹಗ್ಗದಿಂದ ಇಡಿಯಾಗಿ ಇಳಿಸಬೇಕು. ಮೇಲಿನಿಂದ ಎಸೆಯುವುದು, ಎಳೆದಾಡುವುದು ಬೇಡ.

ಮುಖಕ್ಕೆ ಕಟ್ಟುವ ಟವೆಲ್ಲು ಈ ಎಳೆಯನ್ನು ತಡೆಯದು. ಕೊರೋನಾ ಕಾಲದ ನೀಲಿಯ ಮಾಸ್ಕೂ ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ ಎಫ್‌ಎಫ್‌ಪಿ3 ಅಥವಾ ಪಿ100 ದರ್ಜೆಯ ಮುಖಗವಸು ಬೇಕು. ಅದು ಏನು ಮಾಡಿದರೂ ದೊರೆಯದಿದ್ದರೆ ಎನ್95 ಕನಿಷ್ಠ ಮಟ್ಟ, ಅದಕ್ಕಿಂತ ಕೆಳಗೆ ಇಳಿಯಬಾರದು. ಗಡ್ಡವಿದ್ದರೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಕೆಲಸ ಮುಗಿದ ಮೇಲೆ ನೆಲವನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಶೀಟಿನ ಚೂರುಗಳೊಡನೆ ಸೇರಿಸಿ ಕಟ್ಟಬೇಕು. ಆಳುಗಳು ಅಲ್ಲಿಯೇ ಕೈಕಾಲು ಮುಖ ತೊಳೆದು, ಬಟ್ಟೆ ಬದಲಿಸಿ ಮನೆಗೆ ಹೋಗಬೇಕು. ಇದು ಅತಿಯಾಯಿತೆಂದು ನಗುವವರಿಗೆ ಒಂದು ಮಾತು: ಕಾರ್ಖಾನೆಯ ಮೆಟ್ಟಿಲನ್ನೇ ಹತ್ತದೆ, ಗಂಡನ ಕೆಲಸದ ಬಟ್ಟೆಯನ್ನು ವರ್ಷಗಟ್ಟಲೆ ಕೊಡವಿ ಒಗೆದ ಹೆಂಡತಿಯರಿಗೆ ಮೀಸೋಥೀಲಿಯೋಮ ಬಂದದ್ದು ಹಲವು ದೇಶಗಳ ವೈದ್ಯಕೀಯ ದಾಖಲೆಗಳಲ್ಲಿದೆ. ಈ ಸೋಪು, ಮುಖಗವಸು, ಪ್ಲಾಸ್ಟಿಕ್ಕುಗಳ ಖರ್ಚನ್ನು ಅಂದಾಜು ಪಟ್ಟಿಯಲ್ಲಿಯೇ ಪ್ರತ್ಯೇಕ ಬಾಬತ್ತಾಗಿ ತೋರಿಸಬೇಕು. ಗುತ್ತಿಗೆದಾರರ ಔದಾರ್ಯಕ್ಕೆ ಬಿಟ್ಟರೆ ಅದು ಆಗುವುದಿಲ್ಲ.

ತೆಗೆದ ಶೀಟು ಎಲ್ಲಿಗೆ ಹೋಗಬೇಕೆಂಬುದೇ ಅತ್ಯಂತ ಕಷ್ಟದ ಪ್ರಶ್ನೆ. 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ಅನುಸೂಚಿಯಲ್ಲಿ ತಿರಸ್ಕೃತ ಕಲ್ನಾರನ್ನು ಹೆಸರಿಸಲಾಗಿದೆ. ಆ ನಮೂದು ಮುಖ್ಯವಾಗಿ ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು, ಹಳ್ಳಿಯ ಶಾಲೆಯ ಇಪ್ಪತ್ತು ಶೀಟುಗಳನ್ನಲ್ಲ. ಹಾಗೆಂದು ಇಪ್ಪತ್ತು ಶೀಟುಗಳ ಗುಣ ಬದಲಾಗುವುದಿಲ್ಲ. ಕೆಲಸಕ್ಕೆ ಮೊದಲೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ಬರೆದು, ಅನುಮತಿ ಪಡೆದ ಭೂಭರ್ತಿ ಘಟಕಕ್ಕೆ ಸಾಗಿಸುವ ಬಗ್ಗೆ ನಿರ್ದೇಶನ ಪಡೆಯಿರಿ. ಅಲ್ಲಿಯವರೆಗೆ ಶೀಟುಗಳನ್ನು ಇಡಿಯಾಗಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ‘ಕಲ್ನಾರು – ಒಡೆಯಬಾರದು’ ಎಂದು ದೊಡ್ಡದಾಗಿ ಬರೆದು, ಬೀಗವಿರುವ ಜಾಗದಲ್ಲಿ ಇರಿಸಬೇಕು. ಹಲವು ಪಂಚಾಯಿತಿಗಳ ಶೀಟುಗಳನ್ನು ಒಂದೆಡೆ ಸೇರಿಸಿ ಒಂದೇ ವಾಹನದಲ್ಲಿ ಕಳುಹಿಸಿದರೆ ಖರ್ಚು ಹಂಚಿಕೆಯಾಗುತ್ತದೆ.

ಹರಾಜಿನ ಪದ್ಧತಿ ನಿಲ್ಲಬೇಕು. ಕೆಡವಿದ ಕಟ್ಟಡದ ಮರ, ಕಬ್ಬಿಣ, ಕಲ್ಲು, ಹೆಂಚುಗಳನ್ನು ಹರಾಜು ಹಾಕಿ, ಶೀಟನ್ನು ಆ ಪಟ್ಟಿಯಿಂದ ತೆಗೆಯಿರಿ. ನಾಲ್ಕು ಕಾಸು ಪಂಚಾಯಿತಿಯ ಖಾತೆಗೆ ಬಂದಿತೆಂದು, ಶಾಲೆಗೆ ಬೇಡವಾದುದನ್ನು ಬಡವರ ಕೊಟ್ಟಿಗೆಗೆ ನಾವೇ ಸಾಗಿಸಿದಂತಾಗುತ್ತದೆ. ಲೆಕ್ಕಪರಿಶೋಧನೆಯವರು ಆಕ್ಷೇಪ ಎತ್ತುತ್ತಾರೆಂದು ಕೆಲವರಿಗೆ ಅಂಜಿಕೆ. ಶೀಟುಗಳ ಸಂಖ್ಯೆ, ಇರಿಸಿದ ಸ್ಥಳ, ಮಂಡಳಿಗೆ ಬರೆದ ಪತ್ರದ ದಿನಾಂಕ, ಇಷ್ಟನ್ನು ನಡಾವಳಿಯಲ್ಲಿ ಬರೆದಿಟ್ಟರೆ ಉತ್ತರ ಸಿದ್ಧವಾಗಿರುತ್ತದೆ.

ಖಾಸಗಿ ಮನೆಗಳ ಬಗ್ಗೆ ಒತ್ತಾಯದ ಮಾತು ಸಲ್ಲದು. ಶೀಟು ತೆಗೆಯಿರಿ ಎನ್ನುವವರು ಬದಲಿಗೆ ಏನೆಂದು ಹೇಳಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಯಲ್ಲಿ ಶೀಟು ಹಾರಿಹೋದ ಮನೆಯವರು ಉಳಿದ ಚೂರುಗಳನ್ನೇ ಜೋಡಿಸಿಕೊಂಡು ಮಳೆಗಾಲ ಕಳೆಯುತ್ತಾರೆ. ಬೆಳೆನಷ್ಟದ, ಮನೆಹಾನಿಯ ಪಟ್ಟಿ ಮಾಡಲು ಹೋಗುವ ಸಿಬ್ಬಂದಿ ಆ ದಿನವೇ ಚೂರುಗಳನ್ನು ನೆನೆಸಿ ಚೀಲಕ್ಕೆ ತುಂಬಿಸುವ ವ್ಯವಸ್ಥೆ ಮಾಡಬೇಕು. ಮಕ್ಕಳು ಆ ಚೂರಿನಿಂದ ನೆಲದ ಮೇಲೆ ಗೆರೆ ಎಳೆದು ಕುಂಟೆಬಿಲ್ಲೆ ಆಡುವುದನ್ನು ನಾನು ಕಂಡಿದ್ದೇನೆ. ಸೀಮೆಸುಣ್ಣದಂತೆ ಚೆನ್ನಾಗಿಯೇ ಬರೆಯುತ್ತದೆ.

ತಮ್ಮ ಕೈಯಲ್ಲಿರುವ ನಮೂನೆಯಲ್ಲಿ ಐದು ಕಲಮುಗಳಿವೆ: ಕಟ್ಟಡದ ಹೆಸರು, ಶೀಟು ಹಾಕಿದ ವರ್ಷ, ಈಗಿನ ಸ್ಥಿತಿ, ಅಡಿಯಲ್ಲಿ ಯಾರಿರುತ್ತಾರೆ, ಕೊನೆಯ ಬಾರಿ ನೋಡಿದ ದಿನಾಂಕ. ಶಾಲೆ ಮತ್ತು ಅಂಗನವಾಡಿಗಳನ್ನು ಮೊದಲು ತುಂಬಿಸಿ, ವರ್ಷಕ್ಕೊಮ್ಮೆ, ಮುಂಗಾರಿಗೆ ಮುನ್ನ, ಅದೇ ನಮೂನೆಯನ್ನು ಹಿಡಿದು ಮತ್ತೆ ನೋಡಬೇಕು. ಊಟದ ಬಳಿಕ ಹತ್ತಿರದಲ್ಲಿರುವ ಒಂದು ಹಳೆಯ ಶೆಡ್ಡಿನ ಬಳಿಗೆ ಹೋಗಿ ನಮೂನೆಯನ್ನು ಒಟ್ಟಿಗೆ ಭರ್ತಿ ಮಾಡೋಣ. ನೆಲದ ಮೇಲೆ ನಿಂತೇ ನೋಡುವುದು. ಯಾರೂ ಮೇಲೆ ಹತ್ತಬಾರದು.